ಬೈಂಡರ್ ಆರಿಸಿದ ಜರ್ಮನ್ ಪುಸ್ತಕ

ಹೆಂಡತಿಗೆ ಜರ್ಮನ್ ಪುಸ್ತಕ ಆರಿಸುವ ಹೊಣೆಯನ್ನು ಬೈಂಡರ್ ತಾನಾಗಿಯೇ ಮೈಮೇಲೆ ಎಳೆದುಕೊಂಡ. ಯಾರೂ ಕೇಳಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನು ಮನೆಯಲ್ಲಿರುವಾಗ ಅವಳು ಕೈಗೆ ಸಿಕ್ಕಿದ್ದನ್ನು ಕೊಂಡು ತರುವುದೆಂದರೆ ಅವನ ಕಸುಬಿಗೇ ಅವಮಾನವಲ್ಲವೇ?

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ನರ್ಸಮ್ಮ. ಜರ್ಮನಿಯ ಒಂದು ಆಸ್ಪತ್ರೆ ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಆರು ತಿಂಗಳೊಳಗೆ ಭಾಷೆಯ ಮೊದಲ ಪರೀಕ್ಷೆ ಪಾಸಾಗಬೇಕು, ಮಿಕ್ಕದ್ದನ್ನು ಅವರೇ ಕಲಿಸುತ್ತಾರೆ. ಪಾಸಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಬೈಂಡರ್ ಐದು ಪುಸ್ತಕ ತಂದು ಊಟದ ಮೇಜಿನ ಮೇಲೆ ಸಾಲಾಗಿ ಮಲಗಿಸಿದ. ಒಂದೊಂದರ ಬೆನ್ನನ್ನೂ ತಟ್ಟಿ ನೋಡಿದ.

"ಇದಕ್ಕೆ ಹೊಲಿಗೇನೇ ಇಲ್ಲ ನೋಡು, ಬರೀ ಗೋಂದು. ನಾಲ್ಕು ಸಲ ತೆರೆದ್ರೆ ಹಾಳೆ ಉದುರತ್ತೆ."

"ಉದುರೋದ್ರೊಳಗೆ ಕಲ್ತುಬಿಡ್ತೀನಿ, ಕೊಡ್ರೀ."

"ಅವಸರ ಮಾಡ್ಬೇಡ. ಇವನು ವ್ಯಾಕರಣನ ಮಗ್ಗಿ ಹಾಗೆ ಬಾಯಿಪಾಠ ಮಾಡು ಅಂತಾನೆ. ಇವನು ಚಿತ್ರ ನೋಡಿದ್ರೇ ಸಾಕು ಅಂತಾನೆ. ಇವನು ಬರೀ ಕೇಳಿಸ್ಕೋ ಅಂತಾನೆ. ಈ ಮಹಾನುಭಾವ ಮೂವತ್ತೇ ದಿನ ಅಂತಾನೆ! ಮೂವತ್ತು ದಿನದಲ್ಲಿ ರಟ್ಟು ನೆಟ್ಟಗೆ ಕಟ್ಟೋಕೆ ಬರಲ್ಲ, ಭಾಷೆ ಬರತ್ತಾ?"

"ಅಯ್ಯೋ, ಯಾವುದಾದ್ರೂ ಒಂದು ಕೊಡಿ ಅಂದ್ರೆ!"

"ಯಾವುದಾದ್ರೂ ಅನ್ನೋ ಮಾತು ಈ ಮನೇಲಿ ಬೇಡ," ಎಂದ ಬೈಂಡರ್, ತೀರ್ಪು ಕೊಡುವವನ ಗಾಂಭೀರ್ಯದಿಂದ.

ಪರಾಮರ್ಶೆಗೆ ಎರಡು ತಿಂಗಳು ಹಿಡಿಯಿತು. ಐದೂ ಪುಸ್ತಕಗಳ ಒಂದನೇ ಪಾಠ ಅವನಿಗೆ ಬಹಳ ಹಿಡಿಸಿತು. ಎರಡನೇ ಪಾಠಕ್ಕೆ ಬರುವಷ್ಟರಲ್ಲಿ ಒಂದೊಂದರಲ್ಲೂ ಒಂದೊಂದು ಐಬು ಕಂಡಿತು. (ಎರಡನೇ ಪಾಠ ತುಸು ಕಷ್ಟವಾಗಿತ್ತು ಎಂಬುದನ್ನು ಅವನು ಐಬೆಂದೇ ಲೆಕ್ಕ ಹಾಕಿದ್ದ.) ಆಗ ಹೊಳೆಯಿತು ಆ ಅಮೋಘ ಉಪಾಯ: ಐದರಿಂದಲೂ ಒಳ್ಳೆಯದನ್ನಷ್ಟೇ ಬಿಡಿಸಿ, ಒಂದೇ ಗ್ರಂಥವಾಗಿ ಕಟ್ಟಿಬಿಡುವುದು! ಮಿಕ್ಕ ಹಾಳೆಗಳು ರದ್ದಿ ಬುಟ್ಟಿ ಸೇರಿದವು.

ದಾರದ ಹೊಲಿಗೆ, ಕೆಂಪು ರೆಕ್ಸಿನ್, ಚಿನ್ನದ ಬಣ್ಣದ ಅಕ್ಷರ. ಬೆನ್ನು ಕೂದಲೆಳೆಯಷ್ಟು ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹೊಲಿದ. ಗೋಂದು ಒಣಗಲೆಂದು ವಾರಗಟ್ಟಲೆ ಪ್ರೆಸ್ಸಿನಲ್ಲಿ ಬಿಗಿದಿಟ್ಟ. ನಿಜ ಹೇಳಬೇಕೆಂದರೆ, ಪುಸ್ತಕ ಮುಗಿದರೆ ಹೆಂಡತಿ ಕಲಿಯುತ್ತಾಳೆ, ಕಲಿತರೆ ತನ್ನನ್ನು ಬಿಟ್ಟು ಹೋಗುತ್ತಾಳೆ ಎಂದು ಅವನಿಗೆ ಒಳಗೊಳಗೇ ದಿಗಿಲು. ಬಾಯಿಬಿಟ್ಟು ಹೇಳಲು ನಾಚಿಕೆ.

ನರ್ಸಮ್ಮ ದಿನವೂ ಡ್ಯೂಟಿಗೆ ಹೋಗುವಾಗ ಬುಟ್ಟಿಯಿಂದ ಒಂದಿಷ್ಟು ಹಾಳೆ ತೆಗೆದು, ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ, ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಊಟದ ಡಬ್ಬಿಗೆ ಸುತ್ತಲು ಇರಬೇಕು ಎಂದುಕೊಂಡ ಬೈಂಡರ್.

ಪರೀಕ್ಷೆಯ ಹಿಂದಿನ ದಿನ ಗ್ರಂಥರಾಜನನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ಅವಳು ರಟ್ಟು ಸವರಿ, "ತುಂಬಾ ಚೆನ್ನಾಗಿದೆ ರೀ," ಎಂದು ಬೀರುವಿನಲ್ಲಿಟ್ಟಳು.

ಪಾಸಾದಳು. ತನ್ನ ಗ್ರಂಥ ಮುಟ್ಟಿದ್ದಕ್ಕೇ ಪಾಸು ಎಂದು ಬೈಂಡರ್ ಬೀದಿಯೆಲ್ಲ ಹೇಳಿಕೊಂಡು ಬಂದ.

"ಎಲ್ಲಾ ಸಲೀಸಾಗಿತ್ತು," ಎಂದಳು ನರ್ಸಮ್ಮ. "ನಿಮ್ಮ ಹೆಸರೇನು ಅಂದಾಗ ಮಾತ್ರ ತಡವರಿಸಿದೆ. ಆ ಪಾಠ ನಿಮ್ಮ ಪ್ರೆಸ್ಸಲ್ಲಿತ್ತಲ್ಲ!"

ಆಮೇಲೆ ಜರ್ಮನಿಯಿಂದ ಪತ್ರ ಬಂತು. ಗಂಡನೂ ಬರಬಹುದು. ಆದರೆ ಗಂಡನೂ ಅದೇ ಪರೀಕ್ಷೆ ಪಾಸಾಗಿರಬೇಕು.

"ಯೋಚನೆ ಯಾಕೆ? ನಿಮ್ಮ ಗ್ರಂಥ ಇದೆಯಲ್ಲ," ಎಂದು ಅದನ್ನು ಅವನ ಕೈಗಿತ್ತು ಅವಳು ಹೊರಟೇಬಿಟ್ಟಳು.

ಖಾಲಿ ಮನೆಯಲ್ಲಿ ಬೈಂಡರ್ ಗ್ರಂಥ ತೆರೆದ. ನಮಸ್ಕಾರ, ನಿಮ್ಮ ಹೆಸರೇನು, ನಿಮ್ಮದು ಯಾವ ಊರು? ಇಪ್ಪತ್ತು ಹಾಳೆ ತಿರುವಿದ. ನಮಸ್ಕಾರ, ನಿಮ್ಮ ಹೆಸರೇನು? ಐದು ಸಲವೂ ಅದೇ. ಹೊಲಿಗೆ ಮಾತ್ರ ಒಂದೆಳೆಯೂ ಬಿಟ್ಟಿರಲಿಲ್ಲ. ಅವನು ಫೋನು ಹಚ್ಚಿದ.

"ಏನೇ, ಆ ಬುಟ್ಟಿ ಹಾಳೆ ಎಲ್ಲಿಟ್ಟಿದ್ದೀಯ?"

"ಹೊರಡೋ ಮುಂಚೆ ಅಲ್ಲಿನ ನಮ್ಮ ವಾರ್ಡಿನ ಹುಡುಗೀರಿಗೆ ಕೊಟ್ಟೆ. ಅವರೂ ಪರೀಕ್ಷೆಗೆ ಕೂತಿದ್ದಾರೆ. ರದ್ದಿ ಅಂದವರು ನೀವೇ ಅಲ್ವಾ?" ಆಮೇಲೆ ದನಿ ತಗ್ಗಿಸಿ ಹೇಳಿದಳು: "ಬೇಗ ಬನ್ರೀ. ಒಬ್ಬಳೇ ಕೂತ್ರೆ ಊಟ ಸೇರಲ್ಲ."

ಬೈಂಡರ್ ಫೋನು ಕೆಳಗಿಟ್ಟ. ಚಪ್ಪಲಿ ಮೆಟ್ಟಿ ನೇರ ಪುಸ್ತಕದಂಗಡಿಗೆ ನಡೆದ. ಅವನನ್ನು ಕಂಡದ್ದೇ ಅಂಗಡಿಯವನು ನಿಟ್ಟುಸಿರು ಬಿಟ್ಟು ಸ್ಟೂಲು ಮುಂದೆ ತಳ್ಳಿದ.

"ಬನ್ನಿ ಸಾರ್. ಈ ಸಲ ಹೊಲಿಗೇದಾ, ಗೋಂದಿಂದಾ? ವ್ಯಾಕರಣಾನಾ, ಚಿತ್ರಾನಾ?"

ಬೈಂಡರ್ ಕೂರಲಿಲ್ಲ.

"ಯಾವುದಾದ್ರೂ ಒಂದು ಕೊಡಪ್ಪಾ," ಎಂದ. "ಎರಡನೇ ಪಾಠ ಇದ್ರೆ ಸಾಕು."