ಅಂಬಾರಾಯನ ಮಾತು ಕೇಳುವ ಕುದುರೆ

"ಕುದುರೀನ ನಿಮ್ಮ ಮಾತು ಕೇಳಲ್ಲ, ನಾ ಯಾಕ ಕೇಳ್ಲಿ?" ಎಂದು ಚಂದಮ್ಮ ಗಂಟು ಕಟ್ಟಿಕೊಂಡು ಶಹಾಬಾದಿನ ತವರಿಗೆ ಹೋಗಿಬಿಟ್ಟಿದ್ದಳು. ಮಾತೇನೂ ಸುಳ್ಳಲ್ಲ. ನಿಜಾಮನ ಕಾಲದ ವಾಡಿಯಲ್ಲಿ ಟಾಂಗಾ ಹೊಡೆಯುತ್ತಿದ್ದ ಅವಳ ಗಂಡ ಅಂಬಾರಾಯ ಎಡಕ್ಕೆ ಎಳೆದರೆ ಕುದುರೆ ಬಲಕ್ಕೆ ಹೋಗುತ್ತಿತ್ತು.

"ಮಜೀದಸಾಬನ್ನ ಓಟದಾಗ ಸೋಲಸ್ತೀನಿ, ನೋಡ್ಲಿಕ್ಕರೆ ಬಾ" ಎಂದು ಅಂಬಾರಾಯ ಹೆಂಡತಿಗೆ ಹೇಳಿಕಳಿಸಿದ. ಸೋಲಿಸುವುದು ಯಾರನ್ನು! ಊರಿನ ಇನ್ನೊಬ್ಬ ಟಾಂಗಾದವನಾದ ಮಜೀದಸಾಬ ಚಾಬೂಕು ಮುಟ್ಟಿದವನೇ ಅಲ್ಲ. ಲಗಾಮಿಗೆ ಕಿರುಬೆರಳು ತಾಗಿಸಿದರೆ ಸಾಕು, ಅವನ ಬಿಳಿ ಕುದುರೆ ತುಂಬಿದ ಸಂತೆಯಲ್ಲಿ ಒಂದು ಬದನೆಕಾಯಿಯನ್ನೂ ತುಳಿಯದೆ ಓಡುತ್ತಿತ್ತು. ನೋಡುವ ಕಣ್ಣು ತಂಪಾಗುತ್ತಿತ್ತು.

ಪಕ್ಕದ ಊರು ರಾವೂರಿನ ತನಕ ಓಟ ಎಂದಾಯಿತು.

"ಅಂಬಾರಾಯ, ನಿನ್ನ ಕುದುರಿ ಠೇಶನ್ದಾಗ ಬೆಳದದ್ದು. ರೇಲಿನ ಸೀಟಿ ಕೇಳಿದ್ರ ಸವಾರಿ ಹುಡುಕ್ಕೋತ ಅಲ್ಲಿಗೇ ಹೋಗ್ತದ. ಗಾಡಿ ಹೋಗ್ಲಿ, ಆಮ್ಯಾಲ ಓಡ್ಸೋಣು" ಎಂದ ಮಜೀದಸಾಬ.

ಪಕ್ಕದ ಮನೆಯ ಅಂಬುಬಾಯಿ ಸುಮ್ಮನಿರಬೇಕಲ್ಲ! "ಅಂವ ಅಂಜ್ಯಾನೋ. ಹೊಡಿ ಈಗ!"

ಅಂಬಾರಾಯ ಹೊಡೆದ. ಅಬ್ಬಾ, ಅರ್ಧ ದಾರಿಗೆ ಅವನೇ ಮುಂದೆ! ಅಷ್ಟರಲ್ಲಿ ರೈಲು ಕೂಗಿತು. ಕುದುರೆ ಗಿರಕ್ಕನೆ ತಿರುಗಿ ಮಜೀದಸಾಬನ ಮೇಲೇ ನುಗ್ಗಿತು. ಅವನ ಕಿರುಬೆರಳು ಆಡಿತು. ಬಿಳಿ ಕುದುರೆ ತುಸುವೇ ಸರಿದು, ಗಾಲಿಗೆ ಗಾಲಿ ತಾಗದಂತೆ ದಾಟಿಹೋಯಿತು. ಅಳುವ ಹೊತ್ತಿನಲ್ಲೂ ಅಂಬಾರಾಯ "ಭಲೇ!" ಎಂದ.

ಕುದುರೆ ಠೇಶನ್ನಿನ ಮುಂದೆ ನಿಂತಿತು. ಓಟ ನೋಡಲು ಬಂದ ಚಂದಮ್ಮ ಆಗಷ್ಟೇ ರೈಲಿನಿಂದ ಇಳಿದಿದ್ದಳು.

"ಓಟ ಬಿಟ್ಟು ನನ್ನ ಕರೀಲಿಕ್ಕ ಬಂದ್ರಿ?" ಎಂದಳು. ಅವಳ ಕಣ್ಣು ತುಂಬಿ ಬಂತು.

ಅಂಬಾರಾಯ ಮೀಸೆ ತಿರುವಿದ. "ಮತ್ತ? ಈಗ ಕುದುರಿ ನಾ ಹೇಳಲಾರದ ಒಂದು ಹೆಜ್ಜಿ ಇಡಂಗಿಲ್ಲ."

ಚಂದಮ್ಮ ನಾಚುತ್ತ ಟಾಂಗಾ ಹತ್ತಿದಳು. ಅಂಬಾರಾಯನಿಗೆ ಸ್ವರ್ಗ ಮೂರೇ ಗೇಣು. ಮನೆ ಬಾಗಿಲು ಬಂತು. ಅವಳು ಇಳಿಯಲು ಸೀರೆ ಎತ್ತಿ ಹಿಡಿಯುವಷ್ಟರಲ್ಲಿ ಶಹಾಬಾದಿನ ಕಡೆ ಹೋಗುವ ಗಾಡಿ ಕೂಗಿತು.

ಅಂಬಾರಾಯ ಲಗಾಮು ಎಳೆದ, ಬೈದ, ಕಂಡ ದೇವರಿಗೆಲ್ಲ ಹರಕೆ ಹೊತ್ತ. ಕುದುರೆ ಮತ್ತೆ ಠೇಶನ್ನಿಗೇ ಬಂದು ನಿಂತಿತು.

ಚಂದಮ್ಮ ಗಂಟು ಹಿಡಿದು ಇಳಿದಳು. "ಬಾಗಿಲತನಕ ಒಯ್ದು ತವರಿಗಿ ಕಳಸ್ಲಿಕತ್ತೀರಿ?"

"ಅಯ್ಯ, ನಾ ಹೇಳಿಲ್ಲ! ಕುದುರೀನ ತಿರಗೇದ!"

"ಹಂಗಾದ್ರ ಕುದುರಿ ನಿಮ್ಮ ಮಾತು ಕೇಳಲ್ಲ?"

ಅಂಬಾರಾಯ ಕುದುರೆಯ ಮುಖ ನೋಡಿದ. ಹೌದೆಂದರೂ ಹೋಗುತ್ತಾಳೆ, ಅಲ್ಲವೆಂದರೂ ಹೋಗುತ್ತಾಳೆ.

"ನಾ ಯಾಕ ಕೇಳ್ಲಿ?" ಎಂದು ಚಂದಮ್ಮ ರೈಲು ಹತ್ತಿದಳು.