ತೊಟ್ಟೂ ಸೋರದ ಎಂಜಿನ್

ರೋಟರಿ ಎಂಜಿನ್ ಎಂದರೆ ಬಾನೆಟ್ಟಿನೊಳಗೆ ಇಡೀ ಎಂಜಿನ್ನೇ ಗಿರಗಿರನೆ ತಿರುಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನಾನು ನಂಬಿದ್ದೆ. ಮಾವನವರು ತಮ್ಮ ಎರಡು ಸೀಟಿನ ಹಳೇ ಕಾರನ್ನು ಚಾಲೂ ಮಾಡಿ ಬಾನೆಟ್ ಎತ್ತಿದಾಗ, ಟೈ ಸಿಕ್ಕಿಕೊಂಡೀತೆಂದು ಅದನ್ನು ಅಂಗಿಯೊಳಗೆ ತುರುಕಿ ನಾಲ್ಕು ಹೆಜ್ಜೆ ಹಿಂದೆ ಸರಿದವನು ನಾನು. ಒಳಗೆ ತಿರುಗುವುದು ಮೂರು ಮೂಲೆಯ ರೋಟರ್ ಮಾತ್ರ, ಎಂಜಿನ್ ಇದ್ದಲ್ಲೇ ಇರುತ್ತದೆ ಎಂದು ಆಮೇಲೆ ತಿಳಿಯಿತು. ಇಷ್ಟು ತಿಳಿದ ಮೇಲೆ ಇನ್ನೇನು ಉಳಿಯಿತು? ಆ ವಿಷಯದಲ್ಲಿ ನಾನು ಪಂಡಿತನಾದೆ.

ಪಾಂಡಿತ್ಯ ತೋರಿಸುವ ಕಾಲ ಮೊನ್ನೆ ಬಂತು. ಆ ಕಾರನ್ನು ಮಾವ ಮಗಳಿಗೆ ಕೊಟ್ಟಿದ್ದರು. ನನ್ನವಳು ಡ್ರೈವಿಂಗ್ ಕಲಿತದ್ದೇ ಅದರಲ್ಲಿ. ಅವಳ ಜೀವನದಲ್ಲಿ ಅದು ನನಗಿಂತ ಸೀನಿಯರ್. ಈಗ ಎಂಜಿನ್ನಿನ ಹಿಂಬದಿಯಿಂದ ಆಯಿಲ್ ಸೋರಿ, ಅಲ್ಲಿ ಕೂತ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೆಲ್ಲ ಹರಡಿ, ಕ್ಲಚ್ ಜಾರತೊಡಗಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು. ಕಾರು ಮಾತ್ರ ಸೋಮವಾರ ಆಫೀಸಿಗೆ ಹೊರಟ ನನ್ನಂತೆ ಕಾಲೆಳೆಯುತ್ತಿತ್ತು.

ಸುದ್ದಿ ಮಾವನವರ ಕಿವಿಗೂ ಬಿತ್ತು. ಫೋನ್ ಬಂತು.

"ಭಾನುವಾರ ಹತ್ತು ಗಂಟೆಗೆ ಬರ್ತೀನಿ. ನೆಲದ ಮೇಲೆ ಒಂದು ತೊಟ್ಟು ಆಯಿಲ್ ಕಂಡ್ರೂ ಗಾಡಿ ಗುಜರಿಗೆ. ನಡುರಸ್ತೇಲಿ ಕೈಕೊಡೋ ಗಾಡಿ ನನ್ನ ಮಗಳಿಗೆ ಬೇಡ."

ನನ್ನವಳ ಮುಖ ಸಣ್ಣಗಾಯಿತು. "ಗ್ಯಾರೇಜಿನವನು ಹತ್ತು ದಿನ ಬೇಕು ಅಂತಾನೆ. ಏನ್ರೀ ಮಾಡೋದು?"

"ಗ್ಯಾರೇಜು ಯಾಕೆ? ನಾನಿಲ್ವಾ?"

"ಇದ್ದೀರಿ. ಆ ಚಿಂತೆ ಬೇರೆ."

ವಿಮಾ ಕಚೇರಿಯಲ್ಲಿ ದಿನವಿಡೀ ಕೂತು ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅಂಥ ಕಣ್ಣಿಗೆ ಒಂದು ಸೋರಿಕೆ ಯಾವ ಲೆಕ್ಕ? ಆಯಿಲ್ ಸೋರದಂತೆ ತಡೆಯುವ ಹೊಸ ರಬ್ಬರ್ ಸೀಲು, ಹೊಸ ಕ್ಲಚ್ ಪ್ಲೇಟು, ರಿಪೇರಿ ಪುಸ್ತಕ ಎಲ್ಲ ತಂದೆ. ಪುಸ್ತಕ ಹಿಡಿಯುವ ಕೆಲಸ ಅವಳಿಗೆ, ಓದದೆಯೇ ತಿಳಿದುಕೊಳ್ಳುವ ಕೆಲಸ ನನಗೆ ಎಂದು ಹಂಚಿಕೊಂಡೆವು.

ಶನಿವಾರ ಬೆಳಿಗ್ಗೆ ಆಯಿಲ್ಲನ್ನು ಬಕೀಟಿಗೆ ಇಳಿಸಿದೆ. ಕಾರಿನಡಿ ತೂರಿ ಮಲಗಿ, ಗೇರ್‌ಬಾಕ್ಸ್ ಬಿಚ್ಚಿ ಎದೆಯ ಮೇಲೆ ಇಳಿಸಿಕೊಂಡೆ. ಹತ್ತು ನಿಮಿಷ ನಾವಿಬ್ಬರೂ ಹಾಗೇ ಅಪ್ಪಿಕೊಂಡಿದ್ದೆವು. ನನ್ನವಳು ಜಾಕಿ ತಂದು ನಮ್ಮನ್ನು ಬೇರ್ಪಡಿಸಿದಳು. ಆಮೇಲೆ ಫ್ಲೈವೀಲಿನ ನಟ್ಟು ದರ್ಶನ ಕೊಟ್ಟಿತು. ಒಂದೇ ನಟ್ಟು, ಕಾಫಿ ಲೋಟದ ಬಾಯಿಯಷ್ಟು ಅಗಲ. ಅಷ್ಟು ದೊಡ್ಡ ಪಾನಾ ಕೇಳಿಕೊಂಡು ಬೀದಿ ಕೊನೆಯ ಲಾರಿ ಮೆಕ್ಯಾನಿಕ್ ಹತ್ತಿರ ಓಡಿದೆ.

"ಯಾವ ಲಾರಿ ಸಾರ್?"

"ಎರಡು ಸೀಟಿನ ಕಾರು."

ಅವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಮನೇಲಿ ಇನ್ಯಾರಾದ್ರೂ ಇದ್ದಾರಾ?"

ಪಾನಾ ಸಿಕ್ಕಿತು, ನಟ್ಟು ಜಗ್ಗಲಿಲ್ಲ. ಫ್ಲೈವೀಲ್ ತಿರುಗದಂತೆ ಕಬ್ಬಿಣದ ಪಟ್ಟಿ ಕಟ್ಟಿ, ಪಾನಾಕ್ಕೆ ಬಟ್ಟೆ ಒಣಗಿಸುವ ಪೈಪು ಸಿಕ್ಕಿಸಿ, ಅದರ ತುದಿಗೆ ನಾನು ಜೋತುಬಿದ್ದೆ. ಏನೂ ಆಗಲಿಲ್ಲ. ಅವಳೂ ಜೋತುಬಿದ್ದಳು. ಫಟ್ ಎಂದು ನಟ್ಟು ಸಡಿಲವಾಯಿತು, ದಂಪತಿಗಳು ನೆಲಕ್ಕೆ ಬಿದ್ದೆವು. ಗೆದ್ದ ಹುರುಪಿನಲ್ಲಿ ನಟ್ಟನ್ನು ಪೂರ್ತಿ ಬಿಚ್ಚಿ ಬಿಸಾಕಿ, ಫ್ಲೈವೀಲಿಗೆ ಸುತ್ತಿಗೆಯಿಂದ ನಾಲ್ಕು ಬಿಟ್ಟೆ. ಐದನೆಯದಕ್ಕೆ ಅದು ಹೇಳದೆ ಕೇಳದೆ ಕಳಚಿ ಬಿದ್ದು, ಅಂಗಳದ ಎರಡು ಟೈಲ್ಸ್ ಪುಡಿ ಮಾಡಿ, ನನ್ನ ಕಾಲ್ಬೆರಳಿನಿಂದ ಒಂದಂಗುಲ ದೂರದಲ್ಲಿ ವಿರಾಜಮಾನವಾಯಿತು.

"ಬೀಳಬಾರದು ಅಂತ ನಟ್ಟನ್ನ ಎರಡು ಸುತ್ತು ಉಳಿಸ್ಕೊಂಡು ಹೊಡೀಬೇಕಂತೆ," ಎಂದಳು ಪುಸ್ತಕ ನೋಡುತ್ತ.

"ಯಾವ ಪುಟದಲ್ಲಿದೆ?"

"ನೀವು ಹೊಡೆಯೋಕೆ ಮುಂಚಿನ ಪುಟದಲ್ಲಿ."

ಸೀಲು ಕೂರಿಸಿ, ಎಲ್ಲವನ್ನೂ ಒರೆಸಿ, ಮತ್ತೆ ಜೋಡಿಸಿ ಮುಗಿಸುವಾಗ ಸಂಜೆ. ಎಂಜಿನ್ ಚಾಲೂ ಮಾಡೋಣವಾ ಎಂದು ಅವಳು ಕೇಳಿದಳು. "ಬೇಡ, ಉದ್ಘಾಟನೆ ಮಾವನವರ ಅಮೃತಹಸ್ತದಿಂದಲೇ ಆಗಲಿ," ಎಂದೆ. ಕಾರಿನಡಿ ಬಿಳಿ ರಟ್ಟು ಹಾಸಿ, ಒಳಗೆ ಹೋಗಿ ಮಲಗಿದೆ.

ಬೆಳಿಗ್ಗೆ ರಟ್ಟು ಹಾಲಿನಂತೆ ಬೆಳ್ಳಗಿತ್ತು. ಹತ್ತಕ್ಕೆ ಮಾವ ಬಂದರು, ಬಗ್ಗಿ ನೋಡಿದರು, ಬೆರಳಾಡಿಸಿದರು.

"ಒಂದು ತೊಟ್ಟೂ ಇಲ್ಲ," ಎಂದರು.

"ಇರೋಲ್ಲ ಮಾವ. ಕೆಲಸ ಅಂದ್ರೆ ಹಾಗಿರಬೇಕು."

ಅವರು ಕೀಲಿ ಕೇಳುವ ಮುಂಚೆ ಅಭ್ಯಾಸಬಲದಿಂದ ಆಯಿಲ್ ಅಳೆಯುವ ಕಡ್ಡಿ ಎಳೆದರು. ಒರೆಸಿ ಮತ್ತೆ ಅದ್ದಿದರು. ಅದೂ ರಟ್ಟಿನಷ್ಟೇ ಶುದ್ಧವಾಗಿತ್ತು.

"ಅಳಿಯಂದಿರೇ, ಇದರ ಆಯಿಲ್ ಎಲ್ಲಿದೆ?"

ನಾನು ಮೂಲೆಯತ್ತ ಕೈ ತೋರಿಸಿದೆ. "ಬಕೀಟಿನಲ್ಲಿ."

ಮಾವ ಹೋಗಿ ಬಕೀಟನ್ನೂ ಬಗ್ಗಿ ನೋಡಿದರು. "ಇದೂ ಸೋರ್ತಿಲ್ಲ. ಒಳ್ಳೆ ರಿಪೇರಿ."

ನನ್ನವಳು ನಗಲಿಲ್ಲ. ಕೀಲಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಹೊಸ ಆಯಿಲ್ ತುಂಬಿದೆವು. ಅವಳೇ ಓಡಿಸಿದಳು. ಕ್ಲಚ್ ಕಚ್ಚಿಕೊಂಡಿತು, ಕಾರು ಬಾಣದಂತೆ ಹೋಯಿತು. ಹತ್ತು ಸುತ್ತು ಮುಗಿಸಿ ಬಂದು ರಟ್ಟಿನ ಮೇಲೆ ನಿಲ್ಲಿಸಿದಳು. ಮೂವರೂ ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ರಟ್ಟನ್ನೇ ನೋಡಿದೆವು. ಒಂದು ತೊಟ್ಟೂ ಬೀಳಲಿಲ್ಲ.

ಮಾವ ಮಂಡಿ ಹಿಡಿದುಕೊಂಡು ಎದ್ದರು. "ಗಾಡಿ ಇಲ್ಲೇ ಇರಲಿ. ಸೀಲು ಯಾರು ಬೇಕಾದ್ರೂ ಹಾಕ್ತಾರೆ. ಆದ್ರೆ ಆ ದೊಡ್ಡ ನಟ್ಟಿನ ಅಡೀಲಿ ಅಂಟು ಹಚ್ಚದಿದ್ರೆ ಆಯಿಲ್ ಅಲ್ಲಿಂದಲೇ ನುಸುಳುತ್ತೆ. ಎಷ್ಟೋ ಮೆಕ್ಯಾನಿಕ್‌ಗಳೇ ಮರೀತಾರೆ. ನೀವು ಮರೀಲಿಲ್ಲ. ಭೇಷ್."

ಅಂಟು? ನಾನು ಯಾವ ಅಂಟನ್ನೂ ಕಂಡಿರಲಿಲ್ಲ. ಆದರೂ ಭೇಷ್ ಎಂಬುದನ್ನು ವಾಪಸು ಕೊಡಲು ಮನಸ್ಸು ಬಾರದೆ, ವಿನಯದಿಂದ ತಲೆ ತಗ್ಗಿಸಿದೆ.

ಮಾವ ಹೊರಟ ಮೇಲೆ ಮೆಲ್ಲಗೆ ಅವಳನ್ನು ಕೇಳಿದೆ. "ಅಂಟು ಹಚ್ಚಿದ್ದು ನೀನಾ?"

"ಹೂಂ. ಪುಸ್ತಕದಲ್ಲಿತ್ತು. ನಟ್ಟು ಹಾಕೋಕೆ ಮುಂಚೆ ನೀವು ಕೈ ತೊಳೆಯೋಕೆ ಹೋದಾಗ ಹಚ್ಚಿದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಹಚ್ಚೋಕೆ ಬಿಡ್ತಿರಲಿಲ್ಲ."