ಹನ್ನೆರಡನೇ ಲಾಕಿನ ತೂಬು ಮತ್ತು ಹಳದಿ ಉಣ್ಣೆಯ ಹ್ಯಾಂಡಲ್

ಹಾರ್ಟ್‌ಲೋ ಕಾಲುವೆ ಕಚೇರಿಯ ಸಲಹೆ ಮತ್ತು ಎಚ್ಚರಿಕೆ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಗೂ, ಯಾವ ಕಾಲಕ್ಕೂ ಒಂದು ಕಡೆಗೆ ವಾಲದ ತಮ್ಮ ಮೇಜು ಕುರ್ಚಿಗಳಿಗೂ ನನ್ನ ಅನಂತ ನಮಸ್ಕಾರಗಳು. ನಾನು ಐವತ್ತೇಳು ಅಡಿ ಉದ್ದದ, ಏಳು ಅಡಿಗೂ ಕಡಿಮೆ ಅಗಲದ ‘ಪೇಷನ್ಸ್’, ಅಂದರೆ ತಾಳ್ಮೆ, ಎಂಬ ದೋಣಿಯ ಒಡತಿ. ಹೆಸರು ಹಿಂದಿನ ಮಾಲೀಕರು ಇಟ್ಟದ್ದು. ಅವರಲ್ಲಿ ಅದು ಮುಗಿದುಹೋದ ಕಾರಣಕ್ಕೇ ದೋಣಿ ನನ್ನ ಪಾಲಿಗೆ ಬಂತು. ಈ ಪತ್ರವನ್ನು ತಮಗೆ ಅಂಚೆಯಲ್ಲಿ ಕಳಿಸಿ, ಇನ್ನೊಂದು ಪ್ರತಿಯನ್ನು ದೋಣಿಗಳನ್ನು ಏರಿಸಿ ಇಳಿಸುವ ಹನ್ನೆರಡನೇ ಲಾಕಿನ ಹತ್ತಿರ ನೀರು ಹಿಡಿಯುವ ನಲ್ಲಿಯ ಪಕ್ಕದ ಬೋರ್ಡಿಗೆ ಅಂಟಿಸಿದ್ದೇನೆ. ಅಲ್ಲಿ ಒಂದು ದೋಣಿಯ ಟ್ಯಾಂಕು ತುಂಬಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತು ಪೈಪು ಹಿಡಿದು ನಿಂತವರಿಗೆ ಓದಲು ಏನಾದರೂ ಬೇಕಲ್ಲ. ಆದ್ದರಿಂದ ಪತ್ರ ಉದ್ದವಾಯಿತೆಂದು ಅನ್ನಿಸಿದರೆ ದಯವಿಟ್ಟು ನನ್ನನ್ನು ಬೈಯಬೇಡಿ, ನಲ್ಲಿಯ ಒತ್ತಡವನ್ನು ಹೆಚ್ಚಿಸಿ.

ವಿಷಯ ಹೀಗಿದೆ. ಹೋದ ಗುರುವಾರ ತಮ್ಮ ವಿಭಾಗವು ನನ್ನ ಪಕ್ಕದ ದೋಣಿಯ ಶ್ರೀಮತಿ ವಿನಿ ಟಾಂಕ್ಸ್ ಅವರಿಗೆ ಮೂರನೆಯ ಎಚ್ಚರಿಕೆ ಪತ್ರ ದಯಪಾಲಿಸಿದೆ. ಹನ್ನೆರಡನೇ ಲಾಕಿನ ತೂಬನ್ನು ಎತ್ತಿ ಹಾಗೆಯೇ ಬಿಟ್ಟು ಕಾಲುವೆಯ ನೀರು ಖಾಲಿ ಮಾಡಿದ್ದು ಅವರ ಅಪರಾಧ. ಮೂರು ಪತ್ರ ಸೇರಿದರೆ ಪರವಾನಗಿ ರದ್ದಂತೆ. ತಿಂಗಳ ಕೊನೆಗೆ ಕ್ರೇನು ಬಂದು ಅವರ ದೋಣಿಯನ್ನು ನೀರಿನಿಂದ ಎತ್ತುತ್ತದಂತೆ. ಎಪ್ಪತ್ತೊಂದು ವರ್ಷದ, ನಲವತ್ತು ವರ್ಷ ಅದೇ ದೋಣಿಯಲ್ಲಿ ಒಲೆ ಹಚ್ಚಿದ ಹೆಂಗಸನ್ನು ಹೀಗೆ ಒಣನೆಲಕ್ಕೆ ಮುಟ್ಟಿಸಲು ಮುಂದಾದ ತಮ್ಮ ಕಾಳಜಿಗೆ ಮೊದಲು ಅಭಿನಂದನೆ. ದೂರು ಆಮೇಲೆ.

ದೂರು ಹೇಳುವ ಮುನ್ನ ತಮ್ಮ ಕರಪತ್ರದ ಋಣ ತೀರಿಸಬೇಕು. ‘ಕಾಲುವೆ ದೋಣಿಯಲ್ಲಿ ಸುಖಜೀವನ: ಹೊಸ ಮಾಲೀಕರಿಗೆ ಇಪ್ಪತ್ತಾರು ಪ್ರಾಯೋಗಿಕ ಸಲಹೆಗಳು’ ಎಂಬ ಆ ಕೃತಿಯನ್ನು ನಾನು ಪರೀಕ್ಷೆಯ ಪಠ್ಯಕ್ಕಿಂತ ಹೆಚ್ಚು ಸಲ ಓದಿದ್ದೇನೆ. ನಾನು ಏಳನೇ ವಯಸ್ಸಿನಿಂದ ಹದಿನೆಂಟರವರೆಗೆ ಹಾಸ್ಟೆಲಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗೋಡೆಗೆ ಅಂಟಿಸಿದ್ದನ್ನೆಲ್ಲ ಬಾಯಿಪಾಠ ಮಾಡುವುದು ನನಗೆ ರಕ್ತದಲ್ಲಿ ಬಂದುಬಿಟ್ಟಿದೆ. ಅಜ್ಜಿ ಬಿಟ್ಟುಹೋದ ಹಣದಲ್ಲಿ ಈ ದೋಣಿಯನ್ನು ಕೊಂಡಾಗ, ಹನ್ನೊಂದು ವರ್ಷ ಒಂದು ಕಪಾಟಿನ ಕೀಲಿ ಮಾತ್ರ ಸ್ವಂತದ್ದಾಗಿದ್ದ ನನಗೆ ಮೊದಲ ಬಾರಿಗೆ ಒಂದು ಬಾಗಿಲು, ಒಂದು ಒಲೆ, ಎಂಟು ಕಿಟಕಿ ಸಿಕ್ಕವು. ಅವನ್ನು ಎಲ್ಲಿ ಕಳೆದುಕೊಂಡುಬಿಡುತ್ತೇನೋ ಎಂಬ ಹೆದರಿಕೆಯಲ್ಲಿ ತಮ್ಮ ಕರಪತ್ರವನ್ನು ಸ್ನಾನದ ಮನೆಯ ಬಾಗಿಲಿಗೇ ಅಂಟಿಸಿಕೊಂಡೆ.

ಏಳನೇ ಸಲಹೆಯಂತೂ ಕಾವ್ಯ. ‘ವಾಪಸು ಬರಬೇಕೆನಿಸಿದಾಗ ಅನುಕೂಲವಾದಲ್ಲಿ ದೋಣಿಯನ್ನು ತಿರುಗಿಸಿಕೊಳ್ಳಿ’ ಎಂದು ತಾವು ಬರೆದಿದ್ದೀರಿ. ಮೂವತ್ತು ಅಡಿ ಅಗಲದ ಕಾಲುವೆಯಲ್ಲಿ ಐವತ್ತೇಳು ಅಡಿಯ ದೋಣಿಯನ್ನು ತಿರುಗಿಸುವ ಅನುಕೂಲವನ್ನು ನಾನು ಇಂದಿಗೂ ಹುಡುಕುತ್ತಿದ್ದೇನೆ. ಅದಕ್ಕೆಂದೇ ದಂಡೆ ಕಡಿದು ಅಗಲ ಮಾಡಿದ ಜಾಗ ಆರು ಮೈಲಿಯ ಆಚೆಗಿದೆ. ಹೀಗಾಗಿ ಎಂಟು ನಿಮಿಷ ಹಿಂದಿರುವ ವಿಶ್ವವಿದ್ಯಾಲಯಕ್ಕೆ ಮನೆಸಮೇತ ಹತ್ತಿರವಾಗಬೇಕಾದರೆ ಮೊದಲು ಅರ್ಧ ದಿನ ಅದರಿಂದ ದೂರ ಹೋಗಬೇಕು. ಮೂರನೇ ಸಲಹೆ, ‘ಭಾರವನ್ನು ಸಮವಾಗಿ ಹಂಚಿ’ ಎಂಬುದನ್ನು ಓದಿಯೂ ಅದು ಪುಸ್ತಕಗಳಿಗೆ ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ. ಕಾನೂನು ಪುಸ್ತಕಗಳನ್ನೆಲ್ಲ ಎಡಗಡೆ ಜೋಡಿಸಿ ಮೂರು ವಾರ ಬಟ್ಟಲಿನ ಒಂದೇ ಅಂಚಿನಲ್ಲಿ ಕೂತ ಸೂಪು ಕುಡಿದೆ. ಕೊನೆಗೆ ವಿನಿ ಕಿಟಕಿಯಿಂದ ತಲೆ ಹಾಕಿ, “ಏನ್ ಕೂಸೇ, ಕಲ್ತಿದ್ದೆಲ್ಲ ಒಂದೇ ಕಡೀಕೆ ತುಂಬ್ಕಂಡಿದ್ದೀಯ? ಅರ್ಧ ಆ ಕಡೀಕ್ ಎಸಿ, ದೋಣಿ ಅಲ್ದಿದ್ರೆ ನೀನಾದ್ರೂ ನೆಟ್ಟಗಾಗ್ತೀಯ” ಅಂದರು.

ತಮ್ಮ ಇಪ್ಪತ್ತಾರು ಸಲಹೆಗಳನ್ನು ನನಗೆ ಅರ್ಥ ಮಾಡಿಸಿದವರು ಅವರೇ. ‘ಶೌಚಾಲಯದ ಡಬ್ಬಿಯನ್ನು ಸಕಾಲದಲ್ಲಿ ಖಾಲಿ ಮಾಡಿ’ ಎಂದು ತಾವು ಗಾಂಭೀರ್ಯದಿಂದ ಹೇಳಿದ್ದನ್ನು ಅವರು, “ಡಬ್ಬಿ ತುಂಬ್ತು ಅನ್ನೋ ಕೆಂಪು ದೀಪ ಹತ್ಲಿ ಅಂತ ಕಾಯ್ಬೇಡ ಮಗಾ, ಅದು ಹತ್ತೋ ಹೊತ್ಗೆ ನಿನ್ ಮುಖ ಕೆಂಪಾಗಿರ್ತದೆ” ಎಂದು ವಿವರಿಸಿದರು. ಗೂಟ ಹೊಡೆದು ಹಗ್ಗ ಬಿಗಿಯುವುದನ್ನು ತಾವು ಚಿತ್ರಸಮೇತ ತೋರಿಸಿದ್ದೀರಿ. “ಅಷ್ಟು ಬಿಗೀಬೇಡ, ನೀರು ಇಳಿದ್ರೆ ನೇಣ್ ಹಾಕ್ಕಂಡಂಗೆ ತೂಗ್ತದೆ, ಒಂದ್ ಗೇಣು ಸಡ್ಲ ಬಿಡು” ಎಂದದ್ದು ಅವರು. ನೀರು ಯಾಕೆ ಇಳಿಯುತ್ತದೆ ಎಂದು ನಾನು ಕೇಳಿದ್ದೆ. “ಯಾವನಾದ್ರೂ ತಲೆ ಕೆಟ್ಟೋನು ತೂಬು ಮರೀತಾನೆ” ಅಂದಿದ್ದರು.

ಮಾನ್ಯರೇ, ಈಗ ಆ ತಲೆ ಕೆಟ್ಟವನ ವಿಷಯಕ್ಕೆ ಬರುತ್ತೇನೆ.

ಒಂದೇ ಕಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂಬ ತಮ್ಮ ನಿಯಮವನ್ನು ನಾನು ಗಡಿಯಾರ ನೋಡಿ ಪಾಲಿಸುತ್ತೇನೆ. ಇದೇ ಕಾರಣಕ್ಕೆ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಕಾಯಂ ವಿಳಾಸ ಎಂಬಲ್ಲಿ ‘ಹದಿಮೂರನೇ ಲಾಕಿನ ಕೆಳಗೆ, ಭಾನುವಾರದವರೆಗೆ’ ಎಂದು ಬರೆದಿದ್ದೆ. ಗುಮಾಸ್ತರು ಕನ್ನಡಕ ಒರೆಸಿಕೊಂಡು, “ತಮಾಷೆ ಸಾಕು, ಮನೆ ನಂಬರ್ ಹೇಳಮ್ಮ” ಎಂದಿದ್ದರು. ಆ ಭಾನುವಾರ ಮಧ್ಯಾಹ್ನ ನಾನೊಬ್ಬಳೇ ದೋಣಿಯನ್ನು ಹದಿಮೂರನೆಯದನ್ನು ದಾಟಿಸಿ ಹನ್ನೆರಡನೇ ಲಾಕಿಗೆ ತಂದೆ. ತಾವು ಲಾಕನ್ನು ನಕ್ಷೆಯಲ್ಲಿ ನೋಡಿರುತ್ತೀರಿ. ಕೆಳಗಿನ ಬಾಗಿಲಿನಿಂದ ಕಲ್ಲಿನ ತೊಟ್ಟಿಯೊಳಗೆ ಹೋಗಿ, ಅದನ್ನು ಮುಚ್ಚಿ, ಮೇಲಿನ ತೂಬಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರೆ ನೀರು ತುಂಬಿ ದೋಣಿ ಮೇಲಕ್ಕೆ ಏಳುತ್ತದೆ; ಹೊರಗೆ ಬಂದ ಮೇಲೆ ತೂಬು ಇಳಿಸಿ ಹ್ಯಾಂಡಲ್ ತೆಗೆದುಕೊಳ್ಳಬೇಕು. ಇಪ್ಪತ್ತನೇ ಸಲಹೆ ಇದನ್ನೇ ದಪ್ಪ ಅಕ್ಷರದಲ್ಲಿ ಹೇಳುತ್ತದೆ: ‘ಲಾಕಿನಲ್ಲಿರುವಾಗ ಬೇರೆ ಯಾವುದರ ಕಡೆಗೂ ಗಮನ ಹರಿಸಬೇಡಿ.’ ದುರದೃಷ್ಟವಶಾತ್ ನಾನು ಶಿಸ್ತಿನ ಹುಡುಗಿ, ಸಲಹೆಗಳನ್ನು ಕ್ರಮವಾಗಿ ಪಾಲಿಸುವವಳು. ಇಪ್ಪತ್ತಕ್ಕಿಂತ ಮೊದಲು ಹತ್ತೊಂಬತ್ತು ಬರುತ್ತದೆ: ‘ದಂಡೆಯ ಮೇಲೆ ನಿಂತು ನೋಡುವ ಸಾರ್ವಜನಿಕರ ಪ್ರಶ್ನೆಗಳಿಗೆ ನಗುಮುಖದಿಂದ ಉತ್ತರಿಸಿ.’

ಅಂದು ಸಾರ್ವಜನಿಕರು ಐದು ಮಂದಿ ಇದ್ದರು, ಕೈಯಲ್ಲಿ ಐಸ್‌ಕ್ರೀಮು. “ಚಳಿಗಾಲದಲ್ಲಿ ಚಳಿ ಆಗಲ್ವಾ?” ಎಂದು ಮೊದಲನೆಯವರು. ಆಗುತ್ತದೆ, ಒಲೆ ಇದೆ ಎಂದೆ. “ಇದ್ರಲ್ಲಿ ಮಲಗೋದ್ ಎಲ್ಲಿ?” ಎಂದು ಎರಡನೆಯವರು. ಹಾಸಿಗೆಯ ಮೇಲೆ ಎಂದೆ. “ಟಾಯ್ಲೆಟ್ಟು?” ಎಂದು ಇಬ್ಬರು ಒಟ್ಟಿಗೆ. ಅದನ್ನೂ ನಗುಮುಖದಿಂದ ವಿವರಿಸಿದೆ. “ಚಳಿ ಆಗಲ್ವಾ ಆದ್ರೂ?” ಎಂದು ಮೊದಲನೆಯವರು ಮತ್ತೆ. ನಾನು ಅಪ್ಪನ ಕಡೆಯಿಂದ ಇಂಗ್ಲೆಂಡಿನವಳು, ಅಮ್ಮನ ಕಡೆಯಿಂದ ವೇಲ್ಸಿನವಳು. ಯಾರಾದರೂ ಕಾಲು ತುಳಿದರೆ ಅಪ್ಪನ ಕಡೆಯವಳು ತಕ್ಷಣ ತಾನೇ ಕ್ಷಮೆ ಕೇಳುತ್ತಾಳೆ. ಅಮ್ಮನ ಕಡೆಯವಳಿಗೆ ಸಿಟ್ಟು ಬರುವಷ್ಟರಲ್ಲಿ ತುಳಿದವರು ಮನೆ ಸೇರಿರುತ್ತಾರೆ. ಆ ಹೊತ್ತು ಪೂರ್ತಿ ಅಪ್ಪನ ಕಡೆಯವಳೇ ದಂಡೆಯ ಮೇಲೆ ನಿಂತಿದ್ದಳು. ಉತ್ತರಿಸುತ್ತಾ ಇದ್ದಂತೆ ಗಾಳಿಗೆ ದೋಣಿ ದಡ ಬಿಟ್ಟು ಸರಿಯತೊಡಗಿತು. ಓಡಿದೆ, ಹಾರಿದೆ, ಹಗ್ಗ ಹಿಡಿದೆ, ಬಾಗಿಲು ಮುಚ್ಚಿದೆ, ಐವರಿಗೂ ಕೈ ಬೀಸಿದೆ, ವಿನಿಯ ದೋಣಿಯ ಹಿಂದೆ ಗೂಟ ಹೊಡೆದು ಕಟ್ಟಿದೆ.

ಹ್ಯಾಂಡಲ್ ತೂಬಿನ ಮೇಲೆಯೇ ಇತ್ತು. ತೂಬು ಎತ್ತಿದ್ದು ಎತ್ತಿದ ಹಾಗೇ ಇತ್ತು.

ಸೋಮವಾರ ಬೆಳಿಗ್ಗೆ ನಾನು ಎದ್ದದ್ದು ದೋಣಿಯ ಒಳಗೋಡೆಯ ಮೇಲೆ. ರಾತ್ರಿಯಿಡೀ ನೀರು ಹರಿದುಹೋಗಿ ಕಾಲುವೆಯ ನಡುವೆ ಉಳಿದದ್ದು ಒಂದು ಗೇಣು ಕೆಸರುನೀರು, ಒಂದು ಸೈಕಲ್ಲು, ಮೂರು ಬಾತುಕೋಳಿಗಳ ದಿಗ್ಭ್ರಮೆ. ಹಗ್ಗ ಸಡಿಲವಿದ್ದದ್ದರಿಂದ ನನ್ನ ದೋಣಿ ಬರೀ ವಾಲಿತ್ತು. ವಿನಿಯದು ಕಾಲುವೆಯ ತಳದ ದಿಣ್ಣೆಯ ಮೇಲೆ ಕೂತು ಪೂರ್ತಿ ಓರೆಯಾಗಿತ್ತು. ಒಲೆಯ ಕೊಳವೆ ಕಳಚಿ, ಪಿಂಗಾಣಿಯೆಲ್ಲ ಪುಡಿಯಾಗಿ, ಕೀಲು ಬದಲಿಸಿದ ಸೊಂಟದ ಆ ಹೆಂಗಸು ಕಿಟಕಿಯಿಂದ ಹೊರಗೆ ತೆವಳಿ ಬಂದಿದ್ದರು. ಅಷ್ಟರಲ್ಲಿ ತಮ್ಮ ಅಧಿಕಾರಿ ಶ್ರೀಯುತ ಪೆಟ್ಟಿಫರ್ ಸೈಕಲ್ಲಿನಲ್ಲಿ ಬಂದು, ಹಿಡಿಗೆ ಹಳದಿ ಉಣ್ಣೆ ಸುತ್ತಿದ ಒಂದು ಹ್ಯಾಂಡಲನ್ನು ಎತ್ತಿ ಹಿಡಿದು, “ಇದು ಯಾರದ್ದು?” ಎಂದು ಕೇಳಿದರು.

ಹಾಸ್ಟೆಲಿನಲ್ಲಿ ‘ಇದು ಯಾರದ್ದು’ ಎಂದು ಕೇಳಿದಾಗ ನಾವು ನೆಲ ನೋಡುತ್ತಿದ್ದೆವು. ಹನ್ನೊಂದು ವರ್ಷದ ತಾಲೀಮು. ನಾನು ನೆಲ ನೋಡಿದೆ. ತಮ್ಮ ಇಪ್ಪತ್ತಾರನೇ ಸಲಹೆಯ ಕೆಳಗಿನ ಇರುವೆ ಗಾತ್ರದ ಸಾಲು ನನಗೆ ಬಾಯಿಪಾಠವಿತ್ತು: ‘ಮೊದಲ ವರ್ಷದ ಪರವಾನಗಿದಾರರಿಗೆ ಒಂದೇ ತಪ್ಪಿಗೆ ಪರವಾನಗಿ ರದ್ದಾಗುವುದು.’ ನನ್ನ ಎಂಟು ಕಿಟಕಿಗಳೂ ಕಣ್ಣ ಮುಂದೆ ಬಂದವು. ಆಗ ವಿನಿ, “ನಂದೇ ಕಣಪ್ಪ, ಕೊಡು ಇಲ್ಲಿ. ವಯಸ್ಸಾತು, ಮರ್ತ್ ಬಿಟ್ಟೆ” ಅಂದರು. ಪೆಟ್ಟಿಫರ್ ಕೈಯ ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡರು. “ನಿಮ್ ಮೇಲೆ ಈಗಾಗ್ಲೇ ಎರಡು ಕಾಗದ ಇವೆ, ಟಾಂಕ್ಸ್ ಅಮ್ಮ” ಎಂದರು. “ಎರಡಾ? ಒಂದಲ್ವಾ?” ಎಂದು ವಿನಿ ಮೊದಲ ಸಲ ಸಪ್ಪಗಾದರು.

ಆ ಎರಡೂ ಪತ್ರ ಬಂದದ್ದು ಸೊಂಟದ ಶಸ್ತ್ರಚಿಕಿತ್ಸೆಯ ನಂತರ ಹದಿನಾಲ್ಕು ದಿನ ಮೀರಿ ಒಂದೇ ಕಡೆ ನಿಂತದ್ದಕ್ಕೆ. ಎರಡನೆಯದನ್ನು ಅವರು ತೆರೆಯದೆ ಒಲೆಗೆ ಹಾಕಿದ್ದರಂತೆ, “ಕಚೇರಿ ಕಾಗ್ದ ಚೆನ್ನಾಗಿ ಹತ್ಕೊತದೆ” ಎಂದು. ಹ್ಯಾಂಡಲ್ ನಿಮ್ಮದೆಂದು ಯಾಕೆ ಹೇಳಿದಿರಿ ಎಂದು ನಾನು ಅಳುತ್ತಾ ಕೇಳಿದರೆ, “ನಂಗೆ ಬೈಸ್ಕಳದು ಅಭ್ಯಾಸ. ನಿಂಗಾದ್ರೆ ಒಂದೇ ಏಟ್ಗೆ ಮನೆ ಹೋಯ್ತಿತ್ತು. ಮೂಗ್ ಒರಸ್ಕಂಡು ಓದ್ಕೊ ಹೋಗು, ಆ ಪುಸ್ತಕ ಬ್ಯಾಲನ್ಸಾಗಿ ಇಡು” ಅಂದರು.

ಆದ್ದರಿಂದ ಮಾನ್ಯರೇ, ಆ ಹ್ಯಾಂಡಲ್ ನನ್ನದು. ಹಿಡಿಯ ಹಳದಿ ಉಣ್ಣೆ ನನ್ನ ಹಾಸ್ಟೆಲ್ ಸ್ಕಾರ್ಫಿನದು. ಮಿಕ್ಕ ಸ್ಕಾರ್ಫನ್ನು ಇದರೊಂದಿಗೆ ಇಟ್ಟಿದ್ದೇನೆ, ಎಳೆ ಕೂಡಿಸಿ ನೋಡಬಹುದು. ವಿನಿ ಜೀವಮಾನದಲ್ಲಿ ಇಟ್ಟುಕೊಂಡದ್ದು ಒಂದೇ ಹ್ಯಾಂಡಲ್, ಅವರ ತಂದೆಯದು, ಹಿತ್ತಾಳೆಯದು. ಪೆಟ್ಟಿಫರ್ ಅವರು ‘ಹ್ಯಾಂಡಲ್ ಮರೆತುಬಿಟ್ಟ ಮುದುಕಿ’ ಎಂದು ಬರೆದುಕೊಳ್ಳುತ್ತಿದ್ದಾಗ ಅದು ಆ ಮುದುಕಿಯ ಬೆಲ್ಟಿನಲ್ಲೇ ತೂಗುತ್ತಿತ್ತು. ಅವರು ಟ್ಯಾಬ್ಲೆಟ್ಟಿನಿಂದ ಒಮ್ಮೆ ಕಣ್ಣೆತ್ತಿದ್ದರೂ ಸಾಕಿತ್ತು. ಆದರೆ ತಮ್ಮ ಸಿಬ್ಬಂದಿಯ ಏಕಾಗ್ರತೆಯನ್ನು ಕೆಡಿಸುವುದು ಯಾರಿಗೂ ತರವಲ್ಲ.

ನನ್ನ ವಿನಮ್ರ ಕೋರಿಕೆಗಳು ಇವು. ವಿನಿಗೆ ಕೊಟ್ಟ ಮೂರನೆಯ ಪತ್ರವನ್ನು ನನ್ನ ಹೆಸರಿಗೆ ವರ್ಗಾಯಿಸಬೇಕು. ಮೊದಲೆರಡಿಲ್ಲದೆ ಮೂರನೆಯದನ್ನು ಕೊಡಲು ಕಂಪ್ಯೂಟರು ಒಪ್ಪದಿದ್ದರೆ ಹಿಂದಿನ ದಿನಾಂಕ ಹಾಕಿ ಅವನ್ನೂ ಕಳಿಸಿ, ನಾನು ಆಗ ಹುಟ್ಟಿದ್ದೆ ಎಂದು ಪ್ರಮಾಣ ಮಾಡುತ್ತೇನೆ. ಜೊತೆಗೆ ಒಂದು ಎಚ್ಚರಿಕೆ ಪತ್ರವನ್ನು ಅದೇ ಲಾಕಿನ ಕೆಳಬಾಗಿಲಿಗೂ ಜಾರಿ ಮಾಡಬೇಕು. ಮೇಲಿನ ತೂಬು ಎತ್ತಿಯೇ ಇದ್ದರೂ ಕೆಳಬಾಗಿಲು ಗಟ್ಟಿ ಇದ್ದಿದ್ದರೆ ನೀರು ತೊಟ್ಟಿ ತುಂಬಿ ಅಲ್ಲೇ ನಿಲ್ಲುತ್ತಿತ್ತು, ಯಾರ ಪಿಂಗಾಣಿಯೂ ಒಡೆಯುತ್ತಿರಲಿಲ್ಲ. ಆ ಬಾಗಿಲು ಜರಡಿಯಂತೆ ಸೋರುತ್ತಿದೆಯೆಂದು ವಿನಿ ಎರಡು ವರ್ಷದಲ್ಲಿ ನಾಲ್ಕು ಸಲ ಬರೆದಿದ್ದಾರೆ. ನಾಲ್ಕು ಸಲವೂ ‘ತಮ್ಮ ದೂರು ನಮಗೆ ಅಮೂಲ್ಯ’ ಎಂಬ ಉತ್ತರ ಬಂದಿದೆ. ತೂಬು ನನ್ನದು, ತೂತು ತಮ್ಮದು. ನನ್ನ ಪಾಲಿನದನ್ನು ಇಲ್ಲಿ ಸಹಿ ಹಾಕಿ ಒಪ್ಪಿಕೊಂಡಿದ್ದೇನೆ. ತಮ್ಮ ಪಾಲಿನದಕ್ಕೆ ಕೆಳಗೆ ಜಾಗ ಬಿಟ್ಟಿದ್ದೇನೆ.

ಇದರಿಂದ ನನ್ನ ದೋಣಿ ಹೋಗಬಹುದೆಂದು ನನಗೆ ಗೊತ್ತಿದೆ. ಕ್ರೇನು ಹೇಗೂ ಗೊತ್ತುಮಾಡಿದ್ದೀರಿ, ಹೆಸರು ಮಾತ್ರ ತಿದ್ದಿದರೆ ಸಾಕು. ‘ಪೇಷನ್ಸ್’ ವಿನಿಯ ದೋಣಿಗಿಂತ ಹಗುರ, ಈಗ ಪುಸ್ತಕಗಳೂ ಸಮವಾಗಿವೆ. ಇಷ್ಟು ದಿನ ನೆಲ ನೋಡಿದ್ದಕ್ಕೆ ವಿನಿಯಲ್ಲಿ ಕ್ಷಮೆ ಕೇಳುತ್ತೇನೆ. ಅವರು ಇದನ್ನು ನಲ್ಲಿಯ ಹತ್ತಿರ ಓದುವಾಗ ಟ್ಯಾಂಕು ತುಂಬಿ ಹರಿಯದಂತೆ ಯಾರಾದರೂ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಇನ್ನೂ ಭಾನುವಾರದವರೆಗೆ ಇದೇ ವಿಳಾಸದಲ್ಲಿರುವ,
ತಮ್ಮ ವಿಶ್ವಾಸಿ,
ನೆರಿಸ್ ಥಾರ್ಪ್
(ಕಚೇರಿಯ ಪರವಾಗಿ ಸಹಿ: ...........................)

ತಾ.ಕ.: ಕೆಳಬಾಗಿಲಿನ ದುರಸ್ತಿಗೆ ತಾವು ಅವಸರಪಡಬೇಕಾಗಿಲ್ಲ. ನಿನ್ನೆ ವಿನಿ ಬಾಗಿಲ ಹಿಂದಿನ ನೀರಿಗೆ ಒಂದು ಬಕೆಟ್ಟು ಒಲೆಯ ಬೂದಿ ಸುರಿದರು. ಸೋರುವ ನೀರೇ ಬೂದಿಯನ್ನು ಎಳೆದುಕೊಂಡು ಬಿರುಕಿಗೆ ತುಂಬಿಕೊಂಡಿತು. ಕೊನೆಯ ಒಂದು ಸಂದಿ ಮಾತ್ರ ಬೂದಿಗೆ ಬಗ್ಗಲಿಲ್ಲ. ಅದಕ್ಕೆ ನನ್ನ ಸ್ನಾನದ ಮನೆಯ ಬಾಗಿಲಿನಿಂದ ತಮ್ಮ ಕರಪತ್ರವನ್ನು ಕಿತ್ತು, ಇಪ್ಪತ್ತಾರು ಸಲಹೆಗಳನ್ನೂ ಚೂರು ಮಾಡಿ ನೀರಿಗೆ ಬಿಟ್ಟೆವು. ಒಂದು ಹನಿಯೂ ಸೋರುತ್ತಿಲ್ಲ. ತಾವು ಅವನ್ನು ಪ್ರಾಯೋಗಿಕ ಎಂದು ಕರೆದದ್ದು ಯಾಕೆಂದು ಈಗ ಅರ್ಥವಾಯಿತು. ಹದಿಮೂರನೇ ಲಾಕಿಗೆ ಇನ್ನೊಂದು ಪ್ರತಿ ಕಳಿಸಿಕೊಡಿ.